ಕೈ ಎಣಿಸುವ ವಿನೋದಕ್ಕ

ಬೆಳಗ್ಗೆ ನಾಲ್ಕೂವರೆ. ತೋಡಾರಿನ ಪಂಚಮಿ ಈಜು ಕ್ಲಬ್ಬಿನ ಕೊಳದ ಅಂಚಿನಲ್ಲಿ ವಿನೋದಾ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಬಲೆ. ಇರುಳಿಡೀ ಮಳೆ ಸುರಿದು ಈಗಷ್ಟೇ ಬಿಟ್ಟಿದೆ. ನೀರಿನ ಮೇಲೆ ಮಾವಿನೆಲೆ, ಗಾಳಿಗೆ ಹಾರಿ ಬಂದ ಕಸಕಡ್ಡಿ, ಅದರ ನಡುವೆ ದರ್ಬಾರು ನಡೆಸುತ್ತಿರುವ ನಾಲ್ಕು ಕಪ್ಪೆ. ಒಂದೊಂದನ್ನೇ ಬಲೆಗೆ ಹಾಕಿ, ಕಾಂಪೌಂಡಿನಾಚೆ ಹರಿಯುವ ತೋಡಿನ ಹತ್ತಿರ ಬಿಟ್ಟು ಬರುತ್ತಾರೆ.

"ಮಳೆಗಾಲದಲ್ಲಿ ಇವುಗಳದ್ದೇ ಮೊದಲ ಬ್ಯಾಚ್. ಫೀಸೂ ಇಲ್ಲ, ಕೋಚೂ ಬೇಡ. ನಮ್ಮ ಮಕ್ಕಳಿಗಿಂತ ಚಂದ ಕಾಲು ಹೊಡೀತವೆ ಮಾರ್ರೆ" ಎಂದು ನಗುತ್ತಾರೆ.

ಕಪ್ಪೆಗಳ ಬಿಡುಗಡೆ ಮುಗಿದ ಮೇಲೆ ನೀರಿನ ಪರೀಕ್ಷೆ. ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಐದು ಹನಿ ಔಷಧ ಬಿಟ್ಟು, ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ನೀರು ತಿಳಿ ಹಳದಿಗೆ ತಿರುಗಿದರೆ ಕ್ಲೋರಿನ್ ಹದವಾಗಿದೆ ಎಂದರ್ಥ. ಆಮೇಲೆ ಫಿಲ್ಟರ್ ಕೋಣೆ, ಪಂಪು, ಲೇನುಗಳ ಹಗ್ಗ ಬಿಗಿಯುವುದು, ಅಂಚಿನ ಪಾಚಿ ಉಜ್ಜುವುದು. ಐದೂವರೆಗೆ ಗೇಟಿನ ಹತ್ತಿರ ಕಾರೊಂದು ನಿಲ್ಲುವ ಹೊತ್ತಿಗೆ ಇಷ್ಟೂ ಮುಗಿದಿರುತ್ತದೆ. ಕಾರಿನಿಂದ ಹದಿನಾರರ ಹುಡುಗಿಯೊಬ್ಬಳು ಆಕಳಿಸುತ್ತ ಇಳಿಯುತ್ತಾಳೆ. ಅವಳು ಶಹಲಾ, ಬರುವುದು ಪಾಣೆಮಂಗಳೂರಿನಿಂದ. ಸ್ಟಿಯರಿಂಗ್ ಹಿಡಿದಿರುವವರು ಅವಳ ತಂದೆ ಅಬ್ದುಲ್ ಸಮದ್. ಮಗಳು ನೀರಿಗಿಳಿಯುವ ಮೊದಲೇ ಅವರು ಸೀಟು ಹಿಂದಕ್ಕೆ ವಾಲಿಸಿ ನಿದ್ದೆಗಿಳಿದಿರುತ್ತಾರೆ.

ಈ ಶಹಲಾ ಬರುವ ಆಗಸ್ಟಿನಲ್ಲಿ ರಾಷ್ಟ್ರೀಯ ಜೂನಿಯರ್ ಈಜು ಕೂಟಕ್ಕೆ ಹೋಗುತ್ತಿದ್ದಾಳೆ. ಇನ್ನೂರು ಮೀಟರ್ ಬ್ರೆಸ್ಟ್ ಸ್ಟ್ರೋಕ್ ಅವಳ ಸ್ಪರ್ಧೆ. ಊರಲ್ಲಿ ಅವಳ ಹೆಸರಿನ ಫ್ಲೆಕ್ಸ್ ಎದ್ದಿದೆ. ಕೋಚ್ ಶೋಧನ್ ಅವರ ಫೋಟೋವೂ ಅದರಲ್ಲಿದೆ. ವಿನೋದಾ ಅದರಲ್ಲಿಲ್ಲ. ಇರಬೇಕಿತ್ತು ಎಂದು ಮೊದಲು ಹೇಳುವವರು ಶೋಧನ್ ಅವರೇ.

ನಲವತ್ತಾರು ವರ್ಷದ ವಿನೋದಾ ಹುಟ್ಟಿದ್ದು ಬೆಳ್ತಂಗಡಿ ದಾರಿಯ ಪುಂಜಾಲಕಟ್ಟೆಯಲ್ಲಿ, ಮದುವೆಯಾಗಿ ಬಂದದ್ದು ತೋಡಾರಿಗೆ. ಗಂಡ ರಮಾನಾಥ ಮೂಡುಬಿದಿರೆಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಹತ್ತನೇ ವಯಸ್ಸಿಗೆ ಅಮ್ಮನ ಪಕ್ಕ ಕೂತು ಬೀಡಿ ಸುತ್ತಲು ಕಲಿತ ವಿನೋದಾ, ಮೂವತ್ತೇಳರವರೆಗೂ ಅದನ್ನೇ ಮಾಡಿದರು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ಕೈಯಲ್ಲಿ ಕತ್ತರಿ, ದಿನಕ್ಕೆ ಸಾವಿರ ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ಹರಟೆ ಹೊಡೆಯುತ್ತ, ಟಿವಿ ನೋಡುತ್ತ, ಮಗುವಿಗೆ ಗದರಿಸುತ್ತ ಸುತ್ತಿದರೂ ಎಣಿಕೆ ತಪ್ಪಿದ್ದಿಲ್ಲ. "ಬೀಡಿ ಕಂಪನಿಯ ಬ್ರಾಂಚಿನಲ್ಲಿ ನನ್ನ ಕಟ್ಟನ್ನು ಬಿಚ್ಚಿ ಎಣಿಸಿದ್ದೇ ಇಲ್ಲ" ಎನ್ನುತ್ತಾರೆ.

ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹಿಡಿದಾಗ ವೈದ್ಯರು ಬೀಡಿ ಬಿಡಿ ಎಂದರು. ಆಗಷ್ಟೇ ಮನೆಯ ಹತ್ತಿರ ಹೊಸ ಕೊಳ ಶುರುವಾಗಿತ್ತು, ಗುಡಿಸಿ ಒರೆಸಲು ಜನ ಬೇಕಿತ್ತು. ವಿನೋದಾ ಪೊರಕೆ ಹಿಡಿದು ಒಳಗೆ ಬಂದರು. ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬರುತ್ತಲೂ ಇರಲಿಲ್ಲ.

ಎರಡು ವರ್ಷ ಹಾಗೇ ಕಳೆಯಿತು. ಒಂದು ಬೇಸಿಗೆ ಶಿಬಿರದಲ್ಲಿ, ಐದು ವರ್ಷದ ಹುಡುಗಿಯೊಬ್ಬಳು ಚಪ್ಪಲಿ ತೆಗೆಯುತ್ತಾ ತೆಗೆಯುತ್ತಾ ಜಾರಿ ಆಳದ ಕಡೆಗೇ ಬಿದ್ದಳು. ಹತ್ತಿರ ಇದ್ದದ್ದು ವಿನೋದಾ ಒಬ್ಬರೇ. ಎಲೆ ತೆಗೆಯುವ ಕೋಲನ್ನು ಚಾಚಿ, ಗಂಟಲು ಹರಿಯುವಂತೆ ಕೂಗಿದರು. ಆಚೆ ತುದಿಯಿಂದ ಶೋಧನ್ ಓಡಿ ಬಂದು ಹಾರಿ ಮಗುವನ್ನು ಎತ್ತಿದರು. ಮಗು ಎರಡು ಸಲ ಕೆಮ್ಮಿ, ಚಾಕಲೇಟು ಕೇಳಿತು. ಎಲ್ಲರೂ ನಕ್ಕರು. ವಿನೋದಾಗೆ ಮಾತ್ರ ನಗು ಬರಲಿಲ್ಲ.

"ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ಎರಡು ವರ್ಷ ನೀರಿನ ಪಕ್ಕದಲ್ಲೇ ಇದ್ದೇನೆ, ಕೈಯಳತೆಯಲ್ಲಿ ಮಗು ಮುಳುಗ್ತಾ ಉಂಟು, ನಾನು ಕೋಲು ಹಿಡ್ಕೊಂಡು ಬೊಬ್ಬೆ ಹಾಕುದಾ? ಮರುದಿನ ಬೆಳಗ್ಗೆಯೇ ಹೋಗಿ ಶೋಧನ್ ಸರ್‌ಗೆ ಹೇಳಿದೆ, ನನಗೆ ಈಜು ಕಲಿಸಿ, ಇಲ್ಲದಿದ್ರೆ ನಾನು ಈ ಕೆಲಸಕ್ಕೆ ಬರುದಿಲ್ಲ ಅಂತ."

ಮಧ್ಯಾಹ್ನ ಕೊಳಕ್ಕೆ ಬಿಡುವು. ಆ ಹೊತ್ತಿನಲ್ಲಿ ಮೂವತ್ತೊಂಬತ್ತರ ವಿನೋದಾ ಚೂಡಿದಾರದಲ್ಲೇ ನೀರಿಗಿಳಿದರು. ಒಂಬತ್ತು ದಿನ ಅಂಚಿನ ಕಂಬಿ ಬಿಡಲಿಲ್ಲ. ಹತ್ತನೇ ದಿನ ಬಿಟ್ಟರು, ಹನ್ನೊಂದನೇ ದಿನ ಸಾಕಷ್ಟು ನೀರು ಕುಡಿದರು, ತಿಂಗಳು ತುಂಬುವಾಗ ಕೊಳದ ಆ ತುದಿ ಮುಟ್ಟಿದ್ದರು. ಮರುವರ್ಷ ಜೀವರಕ್ಷಕರ ಪರೀಕ್ಷೆಗೆ ಕೂತರು. ನೀರಿನ ತಳದಿಂದ ಐದು ಕಿಲೋದ ಭಾರ ಎತ್ತಿ ತರಬೇಕು. ಮೊದಲ ಸಲ ಅರ್ಧ ದಾರಿಯಲ್ಲಿ ಕೈಜಾರಿತು. ಎರಡನೇ ಸಲ ಎತ್ತಿ ತಂದು, ದಂಡೆಯಲ್ಲಿಟ್ಟು, ಪರೀಕ್ಷಕರನ್ನು ನೋಡಿ, "ಇನ್ನೊಮ್ಮೆ ತರಬೇಕಾ?" ಎಂದು ಕೇಳಿದರಂತೆ.

ಆ ಪ್ರಮಾಣಪತ್ರದಿಂದ ಕ್ಲಬ್ಬಿನಲ್ಲಿ ಒಂದು ಬಾಗಿಲು ತೆರೆಯಿತು. ನೀರಿನ ಬಳಿ ಹೆಂಗಸೊಬ್ಬರು ಇರುತ್ತಾರೆ ಎಂದಾದ ಮೇಲೆ ಬೆಳಗ್ಗೆ ಐದೂವರೆಗೆ ಹುಡುಗಿಯರದ್ದೇ ಒಂದು ಬ್ಯಾಚ್ ಶುರುವಾಯಿತು. ಮೊದಲ ವಾರ ಬಂದವರು ಮೂವರು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಿಂದ ಇಪ್ಪತ್ತೆರಡು ಹುಡುಗಿಯರು ಬರುತ್ತಾರೆ. ಹನ್ನೆರಡನೇ ವಯಸ್ಸಿನಲ್ಲಿ ಬಂದ ಶಹಲಾ ಅವರಲ್ಲೊಬ್ಬಳು. ಮೊದಲ ದಿನ ಅವಳ ಅಜ್ಜಿ ಬೀಯಮ್ಮ ತಾವೇ ಜೊತೆಗೆ ಬಂದು, ವಿನೋದಾರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಇರ್ತೀಯಲ್ಲ? ಹಾಗಾದ್ರೆ ಆಯ್ತು" ಎಂದು ಹೇಳಿ ಹೋಗಿದ್ದರು. ಅಂದಿನಿಂದ ವಾರಕ್ಕೊಮ್ಮೆ ಪಾಣೆಮಂಗಳೂರಿನಿಂದ ಪತ್ತಿರಿ ಎನ್ನುವ ಅಕ್ಕಿ ರೊಟ್ಟಿಯ ಡಬ್ಬಿ ಬರುತ್ತದೆ.

ಶಹಲಾಳ ಕೈ ಎಣಿಸಲು ವಿನೋದಾಗೆ ಯಾರೂ ಹೇಳಿರಲಿಲ್ಲ. ಒಂದು ಸಲ ಕೈ ಚಾಚಿ ನೀರನ್ನು ಎಳೆದರೆ ಅದು ಅವರ ಭಾಷೆಯಲ್ಲಿ ಒಂದು 'ಕೈ'. ಜೀವರಕ್ಷಕಿಯಾದವಳು ಕಣ್ಣು ಕೀಳದೆ ನೀರನ್ನೇ ನೋಡುತ್ತಿರಬೇಕು. ಸುಮ್ಮನೆ ನೋಡುತ್ತಾ ಕೂತರೆ ಬೀಡಿ ಸುತ್ತಿದ ಬೆರಳುಗಳು ತಾವಾಗಿ ಎಣಿಸತೊಡಗುತ್ತವೆ. ಕಳೆದ ವರ್ಷ ರಾಜ್ಯ ಕೂಟದಲ್ಲಿ ಶಹಲಾ ರಾಷ್ಟ್ರೀಯ ಅರ್ಹತೆಯ ಸಮಯವನ್ನು ಬರೀ ಅರ್ಧ ಸೆಕೆಂಡಿಗೆ ತಪ್ಪಿಸಿಕೊಂಡು ಬಂದಾಗ, ಶೋಧನ್ ತಲೆಗೆ ಕೈಹೊತ್ತು ಕೂತಿದ್ದರು. ಸೋಪಿನ ಬಾಲ್ದಿ ಹಿಡಿದು ಅತ್ತ ಬಂದ ವಿನೋದಾ ಕೇಳಿದರು:

"ಸರ್, ಒಂದು ಮಾತು ಹೇಳಬಹುದಾ? ಈ ಹುಡುಗಿ ಮೊದಲು ಒಂಬತ್ತು ಕೈಯಲ್ಲಿ ಆ ಬದಿ ಮುಟ್ತಾಳೆ. ಐದನೇ ಸಲದಿಂದ ಹನ್ನೊಂದು ಆಗ್ತದೆ, ಏಳನೇದಕ್ಕೆ ಹದಿಮೂರು. ಅವಸರ ಮಾಡ್ತಾಳೆ, ಆದ್ರೆ ಮುಂದೆ ಹೋಗುದಿಲ್ಲ."

ಶೋಧನ್ ನಕ್ಕರು. ಆದರೂ ಮರುದಿನ ಮೊಬೈಲಿನಲ್ಲಿ ಚಿತ್ರೀಕರಿಸಿದರು. ಇನ್ನೂರು ಮೀಟರಿನ ಎಂಟು ಸುತ್ತಿನ ಪೈಕಿ ಏಳರ ಲೆಕ್ಕ ಇಬ್ಬರದ್ದೂ ಒಂದೇ. ಒಂದರಲ್ಲಿ ವ್ಯತ್ಯಾಸ ಬಂತು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ತಪ್ಪಿದ್ದು ಶೋಧನ್ ಅವರ ಲೆಕ್ಕ.

"ನಾನು ಗಡಿಯಾರ ನೋಡ್ತಿದ್ದೆ, ವಿನೋದಕ್ಕ ಹುಡುಗಿಯನ್ನು ನೋಡ್ತಿದ್ರು" ಎನ್ನುತ್ತಾರೆ ಈ ಕೋಚ್, ಯಾವ ಸಂಕೋಚವೂ ಇಲ್ಲದೆ. ಅಂದಿನಿಂದ ಕ್ಲಬ್ಬಿನ ಎಲ್ಲ ಸ್ಪರ್ಧಿಗಳ ಕೈ ಲೆಕ್ಕ ವಿನೋದಾರ ಪಾಲಿಗೆ ಬಂತು. ಬಾಲ್ದಿ, ಬಲೆ, ಪೊರಕೆಯ ಜೊತೆಗೇ. ದಿನಕ್ಕೆ ಹತ್ತಿರ ಹತ್ತಿರ ಐದು ಸಾವಿರ ಕೈ. "ಬೀಡಿಗಿಂತ ಜಾಸ್ತಿಯೇ ಆಯ್ತು. ಆದ್ರೆ ಕೆಮ್ಮು ಇಲ್ಲ" ಎಂಬುದು ಅವರ ಸಮಾಧಾನ.

ಈ ಜೂನ್‌ನಲ್ಲಿ ಮತ್ತೆ ರಾಜ್ಯ ಕೂಟ, ಬೆಂಗಳೂರಿನಲ್ಲಿ. ಹುಡುಗಿಯರ ಜೊತೆಗೆ ಒಬ್ಬರು ಹೆಂಗಸು ಮ್ಯಾನೇಜರಾಗಿ ಹೋಗಬೇಕಿತ್ತು. ಶೋಧನ್ ವಿನೋದಾರ ಹೆಸರು ಬರೆದರು. ಅದುವರೆಗೆ ಬೆಂಗಳೂರು ನೋಡಿರದ ವಿನೋದಾ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅಲ್ಲಿಯ ಕೊಳದ ಬಳಿ ಹೋದವರೇ ಮೊದಲು ಮಾಡಿದ ಕೆಲಸವೆಂದರೆ, ಬಗ್ಗಿ ನೀರನ್ನು ಬೊಗಸೆಗೆ ತೆಗೆದು ಮೂಸಿದ್ದು. "ಕ್ಲೋರಿನ್ ಸ್ವಲ್ಪ ಜಾಸ್ತಿಯಾಯ್ತಲ್ಲ?" ಎಂದು ಅಲ್ಲಿಯ ಸಿಬ್ಬಂದಿಯನ್ನು ಕೇಳಿದರು. ಪರೀಕ್ಷಿಸಿ ನೋಡಿದ ಅವನು, ಸಂಜೆಯವರೆಗೂ ಇವರನ್ನು ಮೇಡಂ ಎಂದೇ ಕರೆದ.

ಆದರೆ ಬೆಳಗ್ಗಿನ ಹೀಟ್ಸ್ ಕೈಕೊಟ್ಟಿತು. ತೋಡಾರಿನ ಕೊಳ ಇಪ್ಪತ್ತೈದು ಮೀಟರಿನದ್ದು, ಅಲ್ಲಿಯದ್ದು ಐವತ್ತು. ಅರ್ಧ ದಾರಿಗೆ ಸಿಗಬೇಕಾದ ಗೋಡೆ ಸಿಗದೆ ಶಹಲಾ ಕಳೆದ ವರ್ಷದ ಹಾಗೆಯೇ ಗಾಬರಿಗೊಂಡಳು. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಇಪ್ಪತ್ತಾರು ಎಂದು ಕೈ ಏರುತ್ತಲೇ ಹೋಯಿತು. ಏಳನೆಯವಳಾಗಿ ಸಂಜೆಯ ಫೈನಲ್ ಸೇರಿದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಟವೆಲಿನೊಳಗೆ ಮುಖ ಮುಚ್ಚಿ ಕೂತವಳ ಪಕ್ಕ ವಿನೋದಾ ಹೋಗಿ ಕೂತರು.

"ನನ್ನಿಂದ ಆಗುದಿಲ್ಲ ವಿನೋದಕ್ಕ. ಎಷ್ಟು ಜೋರು ಹೊಡೆದ್ರೂ ಗೋಡೆ ಬರುದೇ ಇಲ್ಲ."

"ಜೋರು ಹೊಡೀಲಿಕ್ಕೆ ಹೇಳಿದ್ದು ಯಾರು ಮಾರಾಯ್ತಿ? ನಾನು ಸಣ್ಣವಳಿದ್ದಾಗ ಬೇಗ ಬೇಗ ಬೀಡಿ ಸುತ್ತಲಿಕ್ಕೆ ಹೋಗ್ತಿದ್ದೆ. ಅಮ್ಮ ಹೇಳ್ತಿದ್ರು, ಅವಸರ ಮಾಡಿದ್ರೆ ಬೀಡಿ ಜಾಸ್ತಿ ಆಗುದಿಲ್ಲ, ಎಲೆ ಹರೀತದೆ ಅಷ್ಟೇ ಅಂತ. ನೀನು ನೀರನ್ನು ಹರೀತಾ ಇದ್ದಿ. ಕೈ ಚಾಚಿದ ಮೇಲೆ ಒಂದು ಗಳಿಗೆ ಹಾಗೇ ಜಾರು. ಮೂರನೇ ಸುತ್ತಿಗೆ ಇಪ್ಪತ್ತೇ ಕೈ. ಇಪ್ಪತ್ತೊಂದು ಬೇಡ. ಸಮಯ ಗಿಮಯ ಎಲ್ಲ ಬಿಡು, ಅದನ್ನು ಆ ಬೋರ್ಡ್ ನೋಡಿಕೊಳ್ತದೆ."

"ಬೇರೆಯವರು ಮುಂದೆ ಹೋದ್ರೆ?"

"ಹೋಗಲಿ. ಅವರ ಕೈ ನಾನು ಎಣಿಸುದಿಲ್ಲ."

ಹುಡುಗಿಗೆ ನಗು ಬಂತು. ನಕ್ಕ ಮೇಲೆ ಹಸಿವೂ ಆಯಿತು.

ಸಂಜೆ ಫೈನಲ್ ಹೊತ್ತಿಗೆ ಮ್ಯಾನೇಜರುಗಳೆಲ್ಲ ಗ್ಯಾಲರಿಗೆ ಹೋಗಬೇಕೆಂದು ಹೇಳಿದರು. ವಿನೋದಾ ಮೇಲೆ ಹತ್ತಿ, ಶೋಧನ್ ಮತ್ತು ಸಮದ್ ಅವರ ನಡುವೆ ಕೂತರು. ಶೋಧನ್ ಕೈಯಲ್ಲಿ ಸ್ಟಾಪ್‌ವಾಚ್. ಸಮದ್ ಕಣ್ಣು ಮುಚ್ಚಿಯೇ ಕೂತಿದ್ದರು. ಎರಡು ನಿಮಿಷ ಐವತ್ತೆಂಟು ಸೆಕೆಂಡಿನೊಳಗೆ ಮುಗಿಸಿದರೆ ರಾಷ್ಟ್ರೀಯ ಕೂಟ. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಮುಂದಿನ ವರ್ಷ ಪಿಯುಸಿ ಎರಡನೇ ವರ್ಷ, ಮನೆಯಲ್ಲಿ ಆಗ ಓದಿನ ಮಾತು ಮಾತ್ರ ನಡೆಯುವುದೆಂದು ಎಲ್ಲರಿಗೂ ಗೊತ್ತಿತ್ತು.

ಸೀಟಿ ಮೊಳಗಿತು. ಮೊದಲ ಸುತ್ತು ಹತ್ತೊಂಬತ್ತು. ಎರಡನೆಯದ್ದೂ ಹತ್ತೊಂಬತ್ತು. ಆಗ ಶಹಲಾ ಆರನೇ ಸ್ಥಾನದಲ್ಲಿದ್ದಳು. "ಹಿಂದೆ ಉಳಿದಳು" ಎಂದು ಶೋಧನ್ ಗೊಣಗಿದರು. ವಿನೋದಾರ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡುತ್ತಿತ್ತು. ಮೂರನೇ ಸುತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಗೋಡೆ. ಉಳಿದವರ ಕೈ ಸಣ್ಣದಾಗತೊಡಗಿದ್ದು ಕೊನೆಯ ಸುತ್ತಿನಲ್ಲಿ. ಶಹಲಾ ಒಬ್ಬರನ್ನು ಹಿಂದೆ ಹಾಕಿದಳು, ಇನ್ನೊಬ್ಬರನ್ನು ಹಿಂದೆ ಹಾಕಿದಳು. ಇಪ್ಪತ್ತೆರಡನೇ ಕೈಗೆ ಗೋಡೆ ಮುಟ್ಟಿದಳು.

ಬೋರ್ಡಿನಲ್ಲಿ ಅಂಕಿ ಮೂಡುವ ಮೊದಲೇ ವಿನೋದಾ ಪಕ್ಕಕ್ಕೆ ತಿರುಗಿ, "ಸಮದಣ್ಣ, ಕಣ್ಣು ಬಿಡಿ. ಆಯ್ತು" ಎಂದರು.

"ಎಂತ ಆಯ್ತು? ಸಮಯ ಬಂತಾ?"

"ಬರ್ತದೆ. ಎಂಬತ್ತು ಕೈಯಲ್ಲಿ ಮುಗಿಸಿದ್ದಾಳೆ. ಬೆಳಗ್ಗೆ ತೊಂಬತ್ತಾಗಿತ್ತು."

ಬೋರ್ಡ್ ಬೆಳಗಿತು. ನಾಲ್ಕನೇ ಸ್ಥಾನ. ಎರಡು ನಿಮಿಷ ಐವತ್ತೇಳು ಸೆಕೆಂಡು, ಮೇಲೆ ಆರು ಹತ್ತಾಂಶ. ಶೋಧನ್ ಸ್ಟಾಪ್‌ವಾಚನ್ನು ಕೆಳಗೆ ಹಾಕಿಯೇಬಿಟ್ಟರು. ಸಮದ್ ಅಳುತ್ತಲೇ ಪಾಣೆಮಂಗಳೂರಿಗೆ ಫೋನು ಮಾಡಿದರು. ಆ ಕಡೆಯಿಂದ ಬೀಯಮ್ಮನ ದನಿ ಸುತ್ತ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

"ಚಿನ್ನ ಬಂತಾ?"

"ಇಲ್ಲ ಉಮ್ಮ. ನಾಲ್ಕನೇದು."

"ಮತ್ತೆ ನೀನು ಅಳುದೆಂತಕ್ಕೆ? ಮಗುವಿಗೆ ಏನಾದ್ರೂ ತಿನ್ನಲಿಕ್ಕೆ ಕೊಡು. ಆ ವಿನೋದಾಗೂ ಕೊಡು."

ಕೊಟ್ಟರಂತೆ. ಮಸಾಲೆ ದೋಸೆ, ಇಬ್ಬರಿಗೂ ಎರಡೆರಡು.

ಆಗಸ್ಟಿನ ರಾಷ್ಟ್ರೀಯ ಕೂಟಕ್ಕೆ ವಿನೋದಾ ಹೋಗುವುದಿಲ್ಲ. ರಾಜ್ಯ ತಂಡಕ್ಕೆ ಅದರದ್ದೇ ಮ್ಯಾನೇಜರುಗಳಿದ್ದಾರೆ. ಬೇಸರವಿಲ್ಲವೇ ಎಂದರೆ, ಬಿಸಿಲಿಗೆ ಒಣಹಾಕಿದ ಲೇನು ಹಗ್ಗವನ್ನು ಸುತ್ತುತ್ತಾ, "ಹೋದ್ರೆ ಇಲ್ಲಿ ಯಾರು ಇರುದು? ಶಿಫಾನಾ, ಸುಪ್ರೀತಾ ಇಬ್ಬರೂ ಮುಂದಿನ ವರ್ಷಕ್ಕೆ ತಯಾರಾಗ್ತಾ ಇದ್ದಾರೆ. ಆ ಸುಪ್ರೀತಾಳ ಎಡಗೈ ಇನ್ನೂ ಸ್ವಲ್ಪ ಸೋಮಾರಿ ಉಂಟು" ಎನ್ನುತ್ತಾರೆ. ಶಹಲಾಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿದೆಯಂತೆ. ಅವಳೀಗ ತನ್ನ ಕೈ ತಾನೇ ಎಣಿಸುತ್ತಾಳೆ.

ಏಳೂವರೆ. ಹುಡುಗಿಯರ ಬ್ಯಾಚ್ ಮುಗಿದಿದೆ. ಒದ್ದೆ ಕೂದಲು ಕೊಡವಿಕೊಳ್ಳುತ್ತಾ, ಕಾಲೇಜಿಗೆ ತಡವಾಯಿತೆಂದು ಕೂಗಾಡುತ್ತಾ ಎಲ್ಲರೂ ಗೇಟಿನತ್ತ ಓಡುತ್ತಿದ್ದಾರೆ. ಅಲುಗಾಟ ನಿಂತ ಕೊಳದ ತಳದಲ್ಲಿ ನೀಲಿ ಹೆಂಚಿನ ಒಂದೊಂದು ಗೆರೆಯೂ ಕಾಣುತ್ತಿದೆ. ವಿನೋದಾ ಅದನ್ನು ಒಂದು ಕ್ಷಣ ನೋಡುತ್ತಾ ನಿಲ್ಲುತ್ತಾರೆ.

"ಈಜುವವರು ನೀರಿನ ಸುದ್ದಿ ಎತ್ತುದು ಕಣ್ಣು ಉರೀತದೆ, ವಾಸನೆ ಬರ್ತದೆ ಅಂತ ದೂರು ಹೇಳ್ಳಿಕ್ಕೆ ಮಾತ್ರ. ಒಂಬತ್ತು ವರ್ಷ ಆಯ್ತು. ಇಲ್ಲಿಯ ನೀರಿನ ಬಗ್ಗೆ ಇವತ್ತಿನವರೆಗೆ ಒಬ್ಬರೂ ಒಂದು ಮಾತು ಆಡಿದ್ದಿಲ್ಲ."