ಕಿರಾಣಿ ಅಂಗಡಿಯ ತೊಗರಿ, ರೈತರ ಮಕ್ಕಳ ಕೋಟಾ

"ಇದು ಯಾವ ಬೀಜ, ಹೇಳಪ್ಪ?"

ಪ್ರಜ್ವಲ್ ಬಟ್ಟಲು ಎತ್ತಿ ನೋಡಿದ. ಮೂಸಿಯೂ ನೋಡಿದ. ಆಮೇಲೆ ಧೈರ್ಯವಾಗಿ ಹೇಳಿದ: "ಸಾಂಬಾರ್ ಬ್ಯಾಳಿ, ಅಂಕಲ್."

ಹುಡುಗನನ್ನು ಬೈಯಬೇಡಿ. ಬಟ್ಟಲಲ್ಲಿ ಇದ್ದದ್ದು ನಿಜಕ್ಕೂ ತೊಗರಿಬೇಳೆಯೇ. ಅವನ ತಾಯಿ ಕಿರಾಣಿ ಅಂಗಡಿಯಿಂದ ಪ್ಯಾಕೆಟ್ ತರಿಸಿ, ಪಾಲಿಶ್ ಮಾಡಿದ ತೊಗರಿಬೇಳೆ, ಹೆಸರುಬೇಳೆ, ಉದ್ದಿನಬೇಳೆಗಳನ್ನು ಸಾಲಾಗಿ ಜೋಡಿಸಿ, 'ಬೀಜ ರೆಡಿ ಅದಾವ್ರಿ' ಎಂದಿದ್ದರು. (ಇವನ್ನು ಬಿತ್ತಿದರೆ ಏನು ಹುಟ್ಟುತ್ತದೆ? ಒಲೆಯ ಮೇಲಿಟ್ಟರೆ ಸಾರಾದರೂ ಆದೀತು.)

ಈ ತಾಲೀಮು ಪರೀಕ್ಷೆ ನಡೆದದ್ದು ಕುಷ್ಟಗಿಯಲ್ಲಿ, ನನ್ನ ಕಾಲೇಜು ಗೆಳೆಯ ವಿರೂಪಾಕ್ಷಪ್ಪನ ಮನೆಯಲ್ಲಿ. ಅವನಿಗೆ ಊರೊಳಗೆ ಹಾರ್ಡ್‌ವೇರ್ ಅಂಗಡಿ, ಊರಾಚೆ ಹೊಲ ಮತ್ತು ದಾಳಿಂಬೆ ತೋಟ. ಮಗ ಪ್ರಜ್ವಲ್ ಬಿ.ಎಸ್ಸಿ ಅಗ್ರಿ ಓದಬೇಕು. ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕೆಂದರೆ ಪ್ರಾಕ್ಟಿಕಲ್ ಪರೀಕ್ಷೆ ಉಂಟಲ್ಲ? ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು 'ಇದೇನು?' ಎಂದು ಕೇಳುತ್ತಾರೆ. ಹುಡುಗ ಮಣ್ಣು ಕಂಡವನೋ ಅಲ್ಲವೋ ಎಂದು ನೋಡುವುದಕ್ಕೆ.

"ಪೇಪರ್‌ನ್ಯಾಗ ಊರಿಗೆಲ್ಲಾ ಬುದ್ಧಿ ಹೇಳ್ತಿ. ಬಂದು ನನ್ನ ಮಗನ್ನ ಒಂದೀಟು ಕೇಳು" ಎಂದು ನನ್ನನ್ನು ಕೊಪ್ಪಳದಿಂದ ಕರೆಸಿದ್ದ. ನಾನೇನು ಕೃಷಿ ಪಂಡಿತನೇ? ಬಿಸಿ ಮಿರ್ಚಿ ಭಜಿ ಸಿಗುತ್ತದೆ ಎಂದು ಹೋದೆ.

"ಅಗ್ರಿನೇ ಯಾಕಪ್ಪ?" ಎಂದು ಪ್ರಜ್ವಲ್‌ನನ್ನು ಕೇಳಿದೆ.

"ಭಾಳ ಸ್ಕೋಪ್ ಐತಿ ಅಂಕಲ್. ಅಗ್ರಿ ಆಫೀಸರ್ ಆಗಬಹುದು. ಬ್ಯಾಂಕ್ ಎಕ್ಸಾಮ್ ಬರೀಬಹುದು. ಏನೂ ಆಗ್ಲಿಲ್ಲ ಅಂದ್ರ ಗೊಬ್ಬರದ ಅಂಗಡಿಗೆ ಲೈಸೆನ್ಸಾದ್ರೂ ಸಿಗ್ತೈತಿ."

"ಮತ್ತೆ ಹೊಲ?"

"ಹೊಲಾ ಯಾಕ್ರಿ ಅಂಕಲ್?"

ಅಡುಗೆಮನೆಯಿಂದ ತಾಯಿಯ ಧ್ವನಿ ಬಂತು: "ಹೊಲಾ ಮಾಡೋರಿಗೆ ಯಾರ್ ಹೆಣ್ಣು ಕೊಡ್ತಾರ್ರಿ?"

ಅದೂ ಸರಿಯೇ. ಗಂಗಾವತಿಯಿಂದ ಯಲಬುರ್ಗಾದವರೆಗೆ ವಿಚಾರಿಸಿ ನೋಡಿ. ಭತ್ತ ಬೆಳೆಯುವವನಿಗೆ ಹೆಣ್ಣಿಲ್ಲ. ಭತ್ತದ ಬಗ್ಗೆ ಪವರ್‌ಪಾಯಿಂಟ್ ತೋರಿಸುವವನಿಗೆ ಮೂರು ತಾಲೂಕಿನಿಂದ ಜಾತಕ ಬರುತ್ತವೆ.

ಅಷ್ಟರಲ್ಲಿ ಹುಸೇನಸಾಬ್ ಬಂದರು. ವಿರೂಪಾಕ್ಷಪ್ಪನ ಹೊಲ, ತೋಟ ಎರಡನ್ನೂ ಹದಿನಾಲ್ಕು ವರ್ಷದಿಂದ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿರುವವರು. 'ಹೊಲದಿಂದ ಎಲ್ಲಾ ಥರದ ಕಾಳು ತಗೊಂಡು ಬಾ' ಎಂದು ಧಣಿ ಹೇಳಿಕಳಿಸಿದ್ದ. ಚೀಲ ಹಿಡಿದು ಜೊತೆಗೆ ಬಂದವಳು ಮಗಳು ರೇಷ್ಮಾ. ಈ ವರ್ಷವೇ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ.

ಬಟ್ಟಲುಗಳನ್ನು ನೋಡಿ ಅವಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. "ಇವು ಬೀಜ ಅಲ್ರಿ. ಅಡಗಿ ಸಾಮಾನು."

ಆಮೇಲೆ ಚೀಲ ಬಿಚ್ಚಿ ಪಾಠಕ್ಕೆ ಕುಳಿತಳು. ಇಡೀ ತೊಗರಿ, ಮಡಕಿ, ಅಲಸಂದಿ, ಹುರುಳಿ, ಗುರೆಳ್ಳು. "ಕುಸುಬಿ ನೋಡು, ಸಣ್ಣ ಹುಡುಗ್ರ ಹಲ್ಲಿನಂಗ ಬೆಳ್ಳಗ ಇರ್ತೈತಿ. ಮರೀಬ್ಯಾಡ." ಒಂದು ತಾಸಿನಲ್ಲಿ ಪ್ರಜ್ವಲ್ ಪಟಪಟ ಹೇಳತೊಡಗಿದ. ಹುಡುಗ ದಡ್ಡನಲ್ಲ. ಹೊಲಕ್ಕೆ ಯಾರೂ ಕರೆದುಕೊಂಡು ಹೋಗಿರಲಿಲ್ಲ, ಅಷ್ಟೇ.

"ನೀನೇನು ಓದ್ತೀಯಮ್ಮ?" ಎಂದೆ.

"ನಾನೂ ಅಗ್ರಿನ ರಿ. ಹ್ವಾದ ವರ್ಷ ದಾಳಿಂಬ್ರಿಗೆ ಅಂಗಮಾರಿ ರೋಗ ಬಂತ್ರಿ. ಅಂಗಡಿಯವ್ರು ಮೂರು ಸಲ ಮೂರು ಥರದ ಬಾಟ್ಲಿ ಕೊಟ್ರು. ನಮ್ಮ ಅಬ್ಬಾ ಹೊಡದಾ ಹೊಡದ್ರು. ಗಿಡಾ ಹೋದ್ವು, ಅಬ್ಬಾನ ಕೈ ತುಂಬ ಗುಳ್ಳಿ ಎದ್ವು. ಆ ಬಾಟ್ಲ್ಯಾಗ ಏನಿತ್ತು ಅಂತ ನನಗ ಗೊತ್ತಾಗಬೇಕ್ರಿ."

ಬೆಳಗ್ಗಿನಿಂದ ಆ ಮನೆಯಲ್ಲಿ ಸ್ಕೋಪ್, ಲೈಸೆನ್ಸ್, ಹೆಣ್ಣು ಎಲ್ಲ ಕೇಳಿದ್ದೆ. ಗಿಡದ ಸುದ್ದಿ ಕೇಳಿದ್ದು ಆಗಲೇ. ನನಗೆ ನಾಚಿಕೆಯಾಯಿತು.

ಹುಸೇನಸಾಬ್ ಬಂದದ್ದು ಕಾಳು ಕೊಡಲು ಮಾತ್ರವಲ್ಲ. ಜನರಲ್‌ನಲ್ಲಿ ಸೀಟು ಕಷ್ಟ, ರೈತರ ಮಕ್ಕಳ ಕೋಟಾದಲ್ಲಾದರೆ ಸಿಕ್ಕೀತು ಎಂದು ಮಗಳ ಲೆಕ್ಚರರ್ ಹೇಳಿದ್ದರಂತೆ. ಆದರೆ ಅವರು ರೈತ ಎನ್ನುವುದಕ್ಕೆ ಕಾಗದ ಎಲ್ಲಿದೆ? ನಮ್ಮ ಕಡೆ ಲಾವಣಿ ಎಂದರೆ ಬಾಯಿಮಾತು. ಪಹಣಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನೇ ರೈತ.

"ಧಣಿ, ಈ ಹೊಲಾ ಹುಸೇನಸಾಬ್ ಮಾಡ್ತಾನ ಅಂತ ಒಂದು ಸಾಲು ಬರದು ಸಹಿ ಮಾಡಿ ಕೊಡ್ರಿ. ತಹಶೀಲ್ದಾರ್ ಆಫೀಸಿನ್ಯಾಗ ತೋರಿಸಿ ಕೇಳ್ತೀನಿ."

ವಿರೂಪಾಕ್ಷಪ್ಪ ನಕ್ಕ. ಕಣ್ಣು ಮಾತ್ರ ನಗಲಿಲ್ಲ. "ಬಾಯಿಲೆ ಎಲ್ಲಿ ಬೇಕಾದಲ್ಲಿ ಹೇಳ್ತೀನಿ, ಸಾಬ. ಕಾಗದದ ಮ್ಯಾಲ ಬ್ಯಾಡ. ನಾಳಿ ನೀ ಹೊಲಾ ನಂದ ಅಂದ್ರ?"

"ತೋಬಾ ತೋಬಾ! ಹಂಗ್ಯಾಕಂತೀರಿ?" ಎಂದರು ಹುಸೇನಸಾಬ್. ರೇಷ್ಮಾ ಖಾಲಿ ಚೀಲ ಮಡಚಿದಳು.

"ಒಂದೇ ಸಾಲಲ್ಲವೇನೋ, ಬರೆದುಕೊಡು" ಎಂದೆ ನಾನು.

"ನಿನ್ನ ಯಲಬುರ್ಗಾದ ಮೂರೆಕರೆ ಲಾವಣಿಗೆ ಕೊಟ್ಟೀಯಲ್ಲ, ಅವನಿಗೆ ನೀ ಬರದು ಕೊಟ್ಟೀ ಏನು?"

ಊರಿಗೆಲ್ಲ ಬುದ್ಧಿ ಹೇಳುವವನು ನಾನು. ನಾನೂ ಬರೆದುಕೊಟ್ಟಿಲ್ಲ. (ಈ ಅಂಕಣ ಬರೆಯುವ ಹೊತ್ತಿಗೂ ಕೊಟ್ಟಿಲ್ಲ. ಬೈಯಬೇಕೆನಿಸಿದರೆ ಬೈಯಿರಿ.)

ಮೊನ್ನೆ ವಿರೂಪಾಕ್ಷಪ್ಪನ ಫೋನ್ ಬಂತು. ಪ್ರಜ್ವಲ್‌ಗೆ ಸೀಟು ಸಿಕ್ಕಿದೆ. "ಎಲ್ಲಾ ಬೀಜ ಗುರ್ತು ಹಿಡದಾನ ನೋಡು! ಕುಸುಬಿ ಸೈತ!"

"ರೇಷ್ಮಾಗೆ?"

"ಜನರಲ್‌ನ್ಯಾಗ ಆಗ್ಲಿಲ್ಲಂತ. ಕೊಪ್ಪಳದಾಗ ಬಿ.ಎ. ಹಚ್ಯಾರ. ನಮ್ಮ ಹುಡುಗ ಹಾಸ್ಟೆಲಿಗೆ ಹೋಗೂದ್ರಾಗ ನಾಕು ಹುಳದ ಹೆಸರು ಹೇಳಿಕೊಡವಾ ಅಂದ್ರ ಬರ್ಲೇ ಇಲ್ಲ. ಈಗಿನ ಹುಡುಗ್ಯಾರಿಗೆ ಭಾಳ ಸೊಕ್ಕು ಬಿಡು."

ಇನ್ನು ಕೆಲವು ವರ್ಷಕ್ಕೆ ಪ್ರಜ್ವಲ್ ಜೀಪಿನಲ್ಲಿ ಬರುತ್ತಾನೆ. ದಾಳಿಂಬೆ ಬೆಳೆಯುವುದು ಹೇಗೆಂದು ಹುಸೇನಸಾಬರಿಗೆ ತರಬೇತಿ ಕೊಡುತ್ತಾನೆ. ಕೊನೆಗೆ ಹಾಜರಿ ಪುಸ್ತಕ ಮುಂದಿಟ್ಟು, 'ರೈತರು ಇಲ್ಲಿ ಸಹಿ ಮಾಡ್ರಿ' ಎನ್ನುತ್ತಾನಲ್ಲ, ಆಗ ಹುಸೇನಸಾಬ್ ಸಹಿ ಮಾಡಬೇಕೋ, ಬೇಡವೋ?