ನಕ್ಷೆಯಲ್ಲಿ ಉಳಿಯದ ಜಾಲರಿ

ಆಳಂದದ ನಮ್ಮ ವರ್ಕ್‌ಶಾಪಿನಲ್ಲಿ ಬೇಳೆ ಮಿಲ್ಲಿನ ಯಂತ್ರಗಳ ನಕ್ಷೆ ಮಾಡುತ್ತಿದ್ದ ಡ್ರಾಫ್ಟ್ಸ್‌ಮನ್ ಸಾಹೇಬರು, ಹಳೆಯ ಫೈಲುಗಳನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಮುನ್ನ ಕಂಪ್ಯೂಟರಿಗೆ ಊದುಬತ್ತಿ ಬೆಳಗುತ್ತಿದ್ದರು. ಫೈಲು ತೆರೆದುಕೊಂಡೊಡನೆ, ಅರಸನ ಆಗಮನ ಸಾರುವವರಂತೆ, ‘ಗೆರಿ ಎಲ್ಲಾ ಬಂದಾವ್ರಿ!’ ಎನ್ನುತ್ತಿದ್ದರು.

ಬೆಲ್ಟು ಸ್ಪಷ್ಟವಾಗಿ ಕಾಣಲೆಂದು ಅದರ ಮೇಲಿನ ರಕ್ಷಣೆಯ ಜಾಲರಿಯನ್ನು ಪರದೆಯಲ್ಲಿ ಮರೆಮಾಡಿ ಕೆಲಸ ಮಾಡುವುದು ಅವರ ರೂಢಿ. ಒಮ್ಮೆ ಹಾಗೆಯೇ ಫೈಲು ಸಾಗಿಸಿದರು. ಮರೆಯಲ್ಲಿದ್ದದ್ದನ್ನು ಹೊಸ ಸಾಫ್ಟ್‌ವೇರು ಕೈಬಿಟ್ಟಿತು. ಜಾಲರಿಯಿಲ್ಲದೆ ತಯಾರಾದ ಯಂತ್ರ ಜೇವರ್ಗಿಯ ಮಿಲ್ಲಿಗೆ ಹೋಗಿ, ಕೂಲಿ ಹೆಂಗಸೊಬ್ಬಳ ಬಲಗೈ ಎಳೆದುಕೊಂಡಿತು.

ಆಸ್ಪತ್ರೆಗೆ ಅವರ ಜೊತೆ ನಾನೂ ಹೋಗಿದ್ದೆ. ಮೊಳಕೈಗೇ ಮುಗಿದ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಕೆ ಅವರನ್ನು ಕೇಳಿದಳು:

‘ಮಷಿನ್ ನೀವೇ ಮಾಡೀರೇನ್ರಿ, ಸಾಹೇಬ್ರ?’

‘ಹೌದವ್ವಾ. ನಕ್ಷಾ ನಂದೇ.’

‘ಛಲೋ ಓಡತದ್ರಿ. ನಾಳಿಂದ ಅದರ ಮುಂದ ನನ್ನ ಮಗಳು ನಿಂದರ್ತಾಳ.’