ಬೇರು ಮೇಡಂ ಮನೆಯ ಪಾಠ

ಮಕ್ಕಳು ಆಕೆಗೆ ಬೇರು ಮೇಡಂ ಎಂದು ಹೆಸರಿಟ್ಟಿದ್ದರು. ಪ್ರವೇಶ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಪದಗಳನ್ನು ಗ್ರೀಕ್, ಲ್ಯಾಟಿನ್ ಬೇರುಗಳಿಂದ ಬಿಡಿಸಿ ಕಲಿಸುವುದು ಆಕೆಯ ಕೆಲಸ. 'ಟೆಲಿ ಅಂದ್ರೆ ದೂರ, ಸ್ಕೋಪ್ ಅಂದ್ರೆ ನೋಡೋದು' ಎಂದು ಮನೆಯ ಹಾಲಿನಲ್ಲೇ ಬೆಳಗ್ಗೆ ಒಂದು ಗುಂಪು, ಸಂಜೆ ಇನ್ನೊಂದು ಗುಂಪು ರಾಗವಾಗಿ ಒಪ್ಪಿಸುತ್ತಿತ್ತು. ಹೇಳಿ ಹೇಳಿ ಆಕೆಯ ಗಂಟಲು ಒಡೆದುಹೋಗಿತ್ತು.

ಗಂಡ ಬಸ್ ಕಂಡಕ್ಟರ್, ಬಾಯಿ ತೆರೆದರೆ ಮುಚ್ಚದ ಮನುಷ್ಯ. ಒಳಕೋಣೆಯಲ್ಲಿ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಾ, "ಸತ್ತೋರ ಭಾಷೆ ಹೇಳ್ಕೊಟ್ಟು ಬದುಕಿರೋರ ತಲೆ ತಿಂತೀಯಲ್ಲೇ" ಎಂದು ಕೂಗುತ್ತಿದ್ದ.

ಅಂಥವನು ಒಂದು ಬೆಳಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಪಾರ್ಶ್ವವಾಯು. ಕಾಲಿಗೆ ಮೆಲ್ಲಮೆಲ್ಲಗೆ ಶಕ್ತಿ ಬಂತು, ಮಾತು ಮಾತ್ರ ಬರಲಿಲ್ಲ. ಡಾಕ್ಟರು "ಅಫೇಸಿಯ" ಎಂದರು. ವರ್ಷ ವರ್ಷವೂ ಆಕೆ ಬೋರ್ಡಿನ ಮೇಲೆ ಬರೆದ ಪದವೇ ಅದು. 'ಅ' ಅಂದರೆ ಇಲ್ಲ, 'ಫೇಸಿಸ್' ಅಂದರೆ ಮಾತು. ಬಿಡಿಸಿದ್ದಾಯಿತು, ಮುಂದೇನು?

ಮುಂದೆ ದಿನವಿಡೀ ಪಾಠ. ಹಾಲಿನಲ್ಲಿ ಮಕ್ಕಳಿಗೆ, ಒಳಕೋಣೆಯಲ್ಲಿ ಗಂಡನಿಗೆ. ಬಾಚಣಿಗೆ ತೋರಿಸುವಳು, ಬೀಗ ತೋರಿಸುವಳು, "ಹೇಳಿ, ಹೇಳಿ" ಎನ್ನುವಳು. ಅವನು ಬಾಯಿ ಆಡಿಸಿ, ಸೋತು, ಮಂಚಕ್ಕೆ ಗುದ್ದುವನು. ಕೈಯಾಸರೆಗೆಂದು ಬಂದಿದ್ದ ನಾದಿನಿ, "ಅತ್ತಿಗೆ, ಕನ್ನಡೀಲಿ ಮುಖ ನೋಡ್ಕೊಂಡಿದ್ದೀರಾ? ಬೆಳಗಿನ ಗುಂಪು ಬಿಟ್ಬಿಡಿ" ಎಂದಳು. ಆಕೆ ಸಂಜೆಯ ಗುಂಪಿಗಾಗಿ ಬೋರ್ಡು ಒರೆಸಲು ಎದ್ದಳು.

ಒಂದು ಮಧ್ಯಾಹ್ನ ಅವನು ಹೂಜಿಯತ್ತ ಕೈ ಚಾಚಿದ. ತುಟಿ ನಡುಗಿತು. "ಹ... ಹೈ... ಹೈಡ್ರೋ."

"ಏನಂದ ಅಣ್ಣ?" ನಾದಿನಿ ಗಾಬರಿಯಾದಳು.

"ನೀರು ಕೇಳ್ತಿದ್ದಾರೆ ಕಣೇ!" ಎಂದ ಆಕೆಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಅಳು ಒತ್ತರಿಸಿ ಬಂತು. ಅಷ್ಟು ವರ್ಷ ಗೋಡೆಯಾಚೆಯಿಂದ ಕಿವಿಗೆ ಬಿದ್ದ ರಾಗ, ಸ್ವಂತ ಭಾಷೆ ಕೈಕೊಟ್ಟಾಗ ಹೇಗೋ ಉಳಿದುಕೊಂಡಿತ್ತು.

ಅಂದಿನಿಂದ ಅವನ ಕುರ್ಚಿ ಹಾಲಿಗೆ ಬಂತು. ಮಕ್ಕಳು ಒಪ್ಪಿಸಿದ್ದನ್ನು ಅವನು ಒಂದು ಉಸಿರು ತಡವಾಗಿ ಒಪ್ಪಿಸುತ್ತಿದ್ದ. ಮೊದಮೊದಲು ಮಕ್ಕಳು ಕಿಸಕ್ಕೆಂದರು, ಆಮೇಲೆ ಅವನಿಗಾಗಿ ಕಾಯತೊಡಗಿದರು. ರಾಗದ ಬಾಲ ಹಿಡಿದು 'ದೂರ', 'ಬರಹ', 'ನೀರು' ಎಂಬ ಕನ್ನಡವೂ ಒಂದೊಂದಾಗಿ ಮರಳಿತು. ಆದರೆ ಪಾಠ ಕುಂಟಿತು. ಒಬ್ಬ ಹುಡುಗಿಯ ತಂದೆ ಬಂದು, "ಮೇಡಂ, ಪರೀಕ್ಷೆ ಹತ್ರ ಬಂತು. ಇದು ಆಸ್ಪತ್ರೆ ಅಲ್ವಲ್ಲ" ಎಂದರು.

"ನೀವು ಹೇಳೋದು ಸರಿ ಸರ್. ಬೇರೆ ಕಡೆ ಸೇರಿಸಿ" ಎಂದಳು ಆಕೆ, ಕೋಪವಿಲ್ಲದೆ.

ಆ ಹುಡುಗಿ ಹೋದಳು, ಹಿಂದೆಯೇ ಇನ್ನೂ ಕೆಲವರು. ಬೆಳಗಿನ ಗುಂಪು ತಾನಾಗಿಯೇ ನಿಂತುಹೋಯಿತು. ಈಗ ಆ ಹೊತ್ತಿನಲ್ಲಿ ಆಕೆ ಚಾಪೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತಾಳೆ. ಅವನು ಪಕ್ಕದಲ್ಲಿ ಕೂತು, ತಡವರಿಸುತ್ತಾ, ಏನನ್ನೋ ಹೇಳುತ್ತಲೇ ಇರುತ್ತಾನೆ. ಅರ್ಧ ಕೇಳಿಸಿಕೊಳ್ಳುವಷ್ಟರಲ್ಲಿ ಆಕೆಗೆ ನಿದ್ದೆ.